ಮೂವತ್ತು ಗಂಟೆಯ ಸ್ಟಾಕ್‌ಹೋಮ್: ಒಬ್ಬರೇ, ಯೋಜನೆಯಿಲ್ಲದೆ ಹೋಗಿಬರುವುದು ಹೇಗೆ

ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ನನ್ನ ಕೆಲಸ ಸೆಪ್ಟೆಂಬರ್ ಕೊನೆಯ ಒಂದು ಗುರುವಾರ ಮಧ್ಯಾಹ್ನವೇ ಮುಗಿದುಹೋಯಿತು. ಮರಳುವ ವಿಮಾನ ಭಾನುವಾರ ಸಂಜೆಗೆ. ಹೋಟೆಲಿನ ಕಿಟಕಿಯಿಂದ ಬಂದರು ಕಾಣುತ್ತಿತ್ತು, ಬಂದರಿನಲ್ಲಿ ಹತ್ತು ಅಂತಸ್ತಿನ ಕಟ್ಟಡದಂಥ ಹಡಗೊಂದು ನಿಂತಿತ್ತು. ಅದು ಎಲ್ಲಿಗೆ ಹೋಗುತ್ತದೆ ಎಂದು ಕೆಳಗಿನ ಮೇಜಿನಲ್ಲಿದ್ದ ಹುಡುಗಿಯನ್ನು ಕೇಳಿದೆ. "ಸ್ಟಾಕ್‌ಹೋಮ್‌ಗೆ. ಸಂಜೆ ಹೊರಟು ಬೆಳಿಗ್ಗೆ ತಲುಪುತ್ತದೆ" ಎಂದಳು. ದೊಡ್ಡ ಪೆಟ್ಟಿಗೆಯನ್ನು ಅವಳ ಸುಪರ್ದಿಗೆ ಒಪ್ಪಿಸಿ, ಬೆನ್ನುಚೀಲದಲ್ಲಿ ಎರಡು ಜೊತೆ ಬಟ್ಟೆ ತುರುಕಿಕೊಂಡು ಹೊರಟೆ. ಎರಡು ಗಂಟೆಯ ನಂತರ ಆ ಹಡಗಿನೊಳಗಿದ್ದೆ.

ಹೀಗೆ ದಿಢೀರನೆ ಹೊರಡುವವರಿಗೆ ನಾನು ಹೇಳುವ ಮಾತು ಒಂದೇ. ಸ್ವೀಡನ್ನಿನ ಈ ರಾಜಧಾನಿಯಲ್ಲಿ ನೋಡಬೇಕಾದ ಸ್ಥಳಗಳ ಪಟ್ಟಿ ಹಿಡಿದು ಓಡಬೇಡಿ, ನೀರಿನ ಜಾಡು ಹಿಡಿದು ನಡೆಯಿರಿ. ಊರು ನಿಂತಿರುವುದೇ 14 ದ್ವೀಪಗಳ ಮೇಲೆ. ಎಲ್ಲಿ ದಾರಿ ತಪ್ಪಿದರೂ ಹತ್ತು ನಿಮಿಷ ನಡೆದರೆ ನೀರು ಸಿಗುತ್ತದೆ, ನೀರಿನಂಚಿಗೆ ಬಂದರೆ ಎಲ್ಲಿದ್ದೀರಿ ಎಂದು ತಿಳಿಯುತ್ತದೆ. ಪ್ರವೇಶ ಟಿಕೆಟ್ ಕೊಳ್ಳುವುದಿದ್ದರೆ ಒಂದಕ್ಕೆ ಮಾತ್ರ ಕೊಳ್ಳಿ. ಎರಡನೆಯದನ್ನು ಕೊಂಡ ಕ್ಷಣದಿಂದ ಗಡಿಯಾರ ನೋಡುವುದು ಶುರುವಾಗುತ್ತದೆ.

ಹೊರಡುವ ಮೊದಲು ನೋಡಬೇಕಾದ್ದು

ಮೊದಲು ಪಾಸ್‌ಪೋರ್ಟ್. ಫಿನ್‌ಲ್ಯಾಂಡ್‌ಗೆಂದು ಪಡೆದ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ವೀಸಾ, ಸ್ವೀಡನ್‌ಗೂ ನಡೆಯುತ್ತದೆ. ಒಂದೇ ಪ್ರವೇಶದ ವೀಸಾ ಆಗಿದ್ದರೂ ಭಯವಿಲ್ಲ, ಏಕೆಂದರೆ ನೀವು ಶೆಂಗೆನ್ ವಲಯದಿಂದ ಹೊರಗೆ ಕಾಲಿಡುತ್ತಿಲ್ಲ. ಆದರೆ ವೀಸಾದಲ್ಲಿ ಬರೆದ ದಿನಗಳ ಲೆಕ್ಕ ಮೀರಬಾರದು, ಮತ್ತು ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬಾರದು. ಹಡಗು ಹತ್ತುವಾಗ ಕೇಳುತ್ತಾರೆ.

ಎರಡನೆಯದು ಕ್ಯಾಲೆಂಡರ್. ಜೂನ್ 19ರಿಂದ 25ರ ನಡುವೆ ಬರುವ ಶುಕ್ರವಾರ ಸ್ವೀಡನ್ನಿನವರ ಮಿಡ್‌ಸೊಮ್ಮಾರ್ ಹಬ್ಬದ ಮುನ್ನಾದಿನ. ಅಂದು ಊರಿಗೆ ಊರೇ ಹಳ್ಳಿಮನೆಗಳಿಗೆ ಹೋಗಿಬಿಡುತ್ತದೆ, ಬೀದಿಗಳು ಬಿಕೋ ಎನ್ನುತ್ತವೆ, ಅಂಗಡಿಗಳು ಬಾಗಿಲು ಹಾಕಿರುತ್ತವೆ. ಬೆಳಕಿನ ಲೆಕ್ಕವನ್ನೂ ಹಾಕಿಕೊಳ್ಳಿ. ಜೂನ್‌ನಲ್ಲಿ ರಾತ್ರಿ ಹತ್ತರ ತನಕ ಸೂರ್ಯ ಮುಳುಗುವುದಿಲ್ಲ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಮುಳುಗಿರುತ್ತಾನೆ. ಸೆಪ್ಟೆಂಬರ್ ಕೊನೆಯಲ್ಲಿ ಹಗಲು ಇರುಳು ಸರಿಸಮ, ಜನಸಂದಣಿಯೂ ಕಡಿಮೆ. ನನಗೆ ಅದು ಅದೃಷ್ಟದಿಂದ ಸಿಕ್ಕಿತು, ನೀವು ಆರಿಸಿಕೊಂಡೇ ಹೋಗಬಹುದು.

ಮೂರನೆಯದು ದುಡ್ಡು. ಸ್ವೀಡನ್ ಯೂರೋ ದೇಶವಲ್ಲ, ಅಲ್ಲಿ ನಡೆಯುವುದು ಕ್ರೋನಾ. ಆದರೆ ಆ ನೋಟುಗಳನ್ನೂ ಬಹಳ ಕಡೆ ಮುಟ್ಟುವುದಿಲ್ಲ. ಸಹೋದ್ಯೋಗಿಯೊಬ್ಬರು "ನನ್ನ ಹಳೆಯ ಪ್ರವಾಸದ್ದು, ಇಟ್ಟುಕೊಳ್ಳಿ" ಎಂದು ನೂರರ ಮೂರು ನೋಟು ಕೊಟ್ಟಿದ್ದರು. ಮೊದಲ ಕಾಫಿ ಅಂಗಡಿಯಲ್ಲೇ ಅವನ್ನು ಚಾಚಿದೆ. ಹುಡುಗ ನಗು ತಡೆದುಕೊಂಡು, ಗಲ್ಲಾದ ಮೇಲೆ ಅಂಟಿಸಿದ್ದ 'ನಗದು ಪಡೆಯುವುದಿಲ್ಲ' ಎಂಬ ಚೀಟಿ ತೋರಿಸಿದ. ಆಮೇಲೆ ನೋಟನ್ನು ಹತ್ತಿರದಿಂದ ನೋಡಿ, ಇದು ಪಡೆಯುವ ಅಂಗಡಿಯಲ್ಲೂ ನಡೆಯುವುದಿಲ್ಲ ಎಂದ. ಅದರ ಮೇಲಿದ್ದದ್ದು ಸಸ್ಯವಿಜ್ಞಾನಿ ಲಿನೇಯಸ್‌ನ ಮುಖ. ಆ ನೋಟು 2017ರ ಮಧ್ಯಭಾಗದಲ್ಲೇ ಚಲಾವಣೆಯಿಂದ ಹೊರಬಿದ್ದಿದೆ. ಈಗಿನ ನೂರರ ನೋಟಿನ ಮೇಲೆ ಇರುವುದು ನಟಿ ಗ್ರೇಟಾ ಗಾರ್ಬೊ. ಯಾರಾದರೂ ಹಳೆಯ ಕ್ರೋನಾ ಕೊಟ್ಟರೆ ಮುಖ ನೋಡಿ ತೆಗೆದುಕೊಳ್ಳಿ. ಅದಕ್ಕಿಂತ ಮುಖ್ಯವಾಗಿ ಎರಡು ಬೇರೆ ಬೇರೆ ಬ್ಯಾಂಕುಗಳ ಕಾರ್ಡು ಇಟ್ಟುಕೊಂಡು, ಎರಡನ್ನೂ ಬೇರೆ ಬೇರೆ ಜೇಬಿನಲ್ಲಿಡಿ. ಒಬ್ಬರೇ ಹೋದಾಗ ಸಾಲ ಕೊಡಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಸಾರ್ವಜನಿಕ ಶೌಚಾಲಯಕ್ಕೂ ಕೆಲವು ಕಡೆ ಕಾರ್ಡಿನಲ್ಲೇ ದುಡ್ಡು ಕೊಡಬೇಕಾಗುತ್ತದೆ. ಹಾಗಾಗಿ ಸಂಗ್ರಹಾಲಯದಲ್ಲೋ ಹೋಟೆಲಿನಲ್ಲೋ ಇರುವಾಗಲೇ ಆ ಕೆಲಸ ಮುಗಿಸಿಕೊಳ್ಳುವುದು ಜಾಣತನ.

ಹಡಗಿನ ರಾತ್ರಿ

ಹಡಗಿನಲ್ಲಿ ಒಬ್ಬರೇ ಇದ್ದರೂ ಇಡೀ ಕ್ಯಾಬಿನ್ನಿನ ಬಾಡಿಗೆ ಕೊಡಬೇಕು. ವಾರಾಂತ್ಯಕ್ಕಿಂತ ವಾರದ ನಡುವೆ ಅಗ್ಗ. ಕಿಟಕಿಯಿಲ್ಲದ, ಕೆಳಗಿನ ಅಂತಸ್ತಿನ ಕ್ಯಾಬಿನ್ ಸಾಕು. ರಾತ್ರಿ ಸಮುದ್ರ ಕಪ್ಪಗಿರುತ್ತದೆ, ಬೆಳಿಗ್ಗೆ ನೀವು ಹೇಗೂ ಮೇಲೆ ಇರಬೇಕು. ನಡುರಾತ್ರಿ ಓಲಾಂಡ್ ದ್ವೀಪದಲ್ಲಿ ಹಡಗು ಸ್ವಲ್ಪ ಹೊತ್ತು ನಿಂತಾಗ ಎಚ್ಚರವಾದರೆ ಗಾಬರಿಯಾಗಬೇಡಿ. ಆ ದ್ವೀಪ ಯುರೋಪಿನ ತೆರಿಗೆ ವಲಯದ ಹೊರಗಿದೆ. ಅಲ್ಲಿ ಮುಟ್ಟಿ ಹೋದರೆ ಹಡಗಿನಲ್ಲಿ ತೆರಿಗೆಯಿಲ್ಲದೆ ಮದ್ಯ ಮಾರಬಹುದು. ಆ ಒಂದು ನಿಲುಗಡೆಯ ಹಿಂದಿನ ಗುಟ್ಟು ಅಷ್ಟೇ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಫಿನ್‌ಲ್ಯಾಂಡ್, ಸ್ವೀಡನ್ ಎರಡರಲ್ಲೂ ಗುರುವಾರ ಬಟಾಣಿ ಸೂಪು ಮಾಡುವ ವಾಡಿಕೆ. ಹೆಸರು ಕೇಳಿ ನಮ್ಮದೇ ಊಟವೆಂದು ಬಟ್ಟಲು ತುಂಬಿಕೊಂಡೆ. ಎರಡನೆಯ ಚಮಚಕ್ಕೆ ಗುಲಾಬಿ ಬಣ್ಣದ ತುಂಡೊಂದು ಮೇಲೆ ಬಂತು. ಹಂದಿಮಾಂಸ. ತಪ್ಪು ನನ್ನದೇ, ಕೇಳಬೇಕಿತ್ತು. ಆ ರಾತ್ರಿ ಬ್ರೆಡ್ಡು, ಆಲೂಗಡ್ಡೆಯಲ್ಲೇ ಕಳೆಯಿತು.

ಸ್ವೀಡನ್ನಿನ ಗಡಿಯಾರ ಫಿನ್‌ಲ್ಯಾಂಡಿನದಕ್ಕಿಂತ ಒಂದು ಗಂಟೆ ಹಿಂದೆ. ಆ ಒಂದು ಗಂಟೆಯನ್ನು ನಿದ್ದೆಗೆ ಕೊಡಬೇಡಿ. ಬೆಳಕು ಹರಿಯುತ್ತಿದ್ದಂತೆ ಜರ್ಕಿನ್ ಹಾಕಿಕೊಂಡು ಮೇಲಿನ ಡೆಕ್ಕಿಗೆ ಹೋಗಿ. ಸ್ಟಾಕ್‌ಹೋಮ್‌ನ ಮುಂದೆ ಸಮುದ್ರದಲ್ಲಿ ಸುಮಾರು 30,000 ದ್ವೀಪಗಳು, ನಡುಗಡ್ಡೆಗಳು, ಬರೀ ಬಂಡೆಗಳು ಹರಡಿಕೊಂಡಿವೆ. ಕೊನೆಯ ಕೆಲವು ಗಂಟೆ ಹಡಗು ಅವುಗಳ ನಡುವೆ ನುಸುಳಿಕೊಂಡು ಬರುತ್ತದೆ. ಹಿಮನದಿ ಉಜ್ಜಿ ಉಜ್ಜಿ ನುಣುಪಾಗಿಸಿದ, ಮಲಗಿದ ಎಮ್ಮೆಯ ಬೆನ್ನಿನಂಥ ಬಂಡೆಗಳು. ಅವುಗಳ ಮೇಲೆ ಕೆಂಪು ಬಣ್ಣದ ಮರದ ಮನೆಗಳು. ಆ ಕೆಂಪು, ಫಾಲುನ್ ಎಂಬಲ್ಲಿನ ತಾಮ್ರದ ಗಣಿಯಿಂದ ಬಂದ ಬಣ್ಣ. ಒಂದು ಮನೆಯ ಮುಂದೆ ಡ್ರೆಸಿಂಗ್ ಗೌನ್ ತೊಟ್ಟ ಮುದುಕರೊಬ್ಬರು ಕಾಫಿ ಬಟ್ಟಲು ಹಿಡಿದು ನಿಂತಿದ್ದರು. ನಾನು ಕೈಬೀಸಿದೆ, ಅವರು ಬಟ್ಟಲು ಎತ್ತಿದರು. ನಮ್ಮ ನಡುವೆ ನೂರು ಮೀಟರ್ ಇದ್ದಿರಬಹುದು. ದುಡ್ಡು ಕೊಟ್ಟು ದ್ವೀಪ ಸುತ್ತಿಸುವ ಪ್ರವಾಸಗಳು ಊರಿನಲ್ಲಿ ಬೇಕಾದಷ್ಟಿವೆ. ಹಡಗಿನಲ್ಲಿ ಬಂದವರಿಗೆ ಅವು ಬೇಕಾಗುವುದಿಲ್ಲ.

ವಿಮಾನದಲ್ಲಿ ಬರುವವರು ಇಳಿಯುವುದು ಊರಿನಿಂದ ಸುಮಾರು 40 ಕಿಲೋಮೀಟರ್ ದೂರದ ಆರ್ಲಾಂಡಾದಲ್ಲಿ. ವೇಗದ ರೈಲು ಇಪ್ಪತ್ತು ನಿಮಿಷದೊಳಗೆ ನಗರದ ನಡುಭಾಗ ಮುಟ್ಟಿಸುತ್ತದೆ, ಆದರೆ ದುಬಾರಿ. ಬಸ್ಸು ನಿಧಾನ, ಅಗ್ಗ. ಒಬ್ಬರೇ ಇದ್ದರೆ ಬಸ್ಸೇ ಸರಿ.

ಊರಿನೊಳಗೆ ಓಡಾಟ

ಮೆಟ್ರೊ, ಬಸ್ಸು, ಟ್ರಾಮ್ ಎಲ್ಲಕ್ಕೂ ಒಂದೇ ಟಿಕೆಟ್. ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿದರೆ ಸಾಕು. ಅಲ್ಲಿಂದ 75 ನಿಮಿಷ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು, ಪ್ರತಿ ಸಲವೂ ಅದೇ ಕಾರ್ಡನ್ನು ಮುಟ್ಟಿಸಬೇಕು ಅಷ್ಟೇ. ದಿನಕ್ಕೆ ಐದಾರು ಬಾರಿ ಹತ್ತುವ ಅಂದಾಜಿದ್ದರೆ 24 ಗಂಟೆಯ ಟಿಕೆಟ್ ಲಾಭ. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೆಂದರೆ, ಇದೇ ಟಿಕೆಟ್ 82ನೇ ನಂಬರಿನ ದೋಣಿಗೂ ನಡೆಯುತ್ತದೆ. ಪ್ರವಾಸಿಗರಿಗೆಂದೇ ಇರುವ ದೋಣಿಗಳವರು ಕೇಳುವ ಹಣದ ಒಂದು ಪಾಲಿನಲ್ಲಿ ಅದೇ ನೀರು, ಅದೇ ನೋಟ.

ಹೆಸರುಗಳ ವಿಷಯದಲ್ಲಿ ಕಿವಿಯನ್ನು ನಂಬಿ, ಕಣ್ಣನ್ನಲ್ಲ. ಫಲಕದಲ್ಲಿ 'ಡಿ', 'ಜೆ' ಅಕ್ಷರಗಳಿಂದ ಶುರುವಾಗುವ ದ್ವೀಪವನ್ನು ದೋಣಿಯವರು 'ಯೂರ್ಗೋರ್ಡೆನ್' ಎನ್ನುತ್ತಾರೆ. ನಾನು 'ಜುರ್ಗಾರ್ಡನ್' ಎಂದು ಮೂರು ಜನರನ್ನು ಕೇಳಿ, ಮೂವರೂ ಹುಬ್ಬು ಗಂಟಿಕ್ಕಿದ ಮೇಲೆ ನಕ್ಷೆ ತೋರಿಸಿದೆ.

ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ, ಎಡಬದಿ ಅವಸರದವರದ್ದು. ಸೈಕಲ್ ದಾರಿಯಲ್ಲಿ ನಿಂತು ಫೋಟೊ ತೆಗೆಯಬೇಡಿ. ಅಲ್ಲಿನ ಜನ ಸಾಮಾನ್ಯವಾಗಿ ದನಿ ಎತ್ತುವುದಿಲ್ಲ, ಸೈಕಲ್ ಮೇಲೆ ಕುಳಿತಾಗ ಮಾತ್ರ ಎತ್ತುತ್ತಾರೆ.

ಶುಕ್ರವಾರ: ಒಂದೇ ಟಿಕೆಟ್

ನಮ್ಮ ಹಡಗು ನಿಂತದ್ದು ಸ್ಟಾಡ್ಸ್‌ಗೋರ್ಡೆನ್ ಬಂದರಿನಲ್ಲಿ. ನೀರಿನ ಪಕ್ಕದಲ್ಲೇ ಇಪ್ಪತ್ತು ನಿಮಿಷ ನಡೆದರೆ ಸ್ಲುಸ್ಸೆನ್. ಊರಿನ ಗಂಟು ಇರುವುದು ಇಲ್ಲಿ. ಒಂದು ಬದಿಗೆ ಮೇಲಾರೆನ್ ಸರೋವರದ ಸಿಹಿನೀರು, ಇನ್ನೊಂದು ಬದಿಗೆ ಬಾಲ್ಟಿಕ್ ಸಮುದ್ರ. ಸರೋವರ ಸಮುದ್ರಕ್ಕಿಂತ ಸರಾಸರಿ 70 ಸೆಂಟಿಮೀಟರ್ ಎತ್ತರದಲ್ಲಿದೆ. ಊರು ಹುಟ್ಟಿದ್ದೇ ಈ ಎರಡರ ನಡುವಿನ ಬಾಗಿಲು ಕಾಯಲು.

ಸ್ಲುಸ್ಸೆನ್‌ನಿಂದ 82ನೇ ದೋಣಿ ಹತ್ತಿ ಯೂರ್ಗೋರ್ಡೆನ್‌ಗೆ ಹೋಗಿ ವಾಸಾ ಸಂಗ್ರಹಾಲಯ ನೋಡಿ. ಟಿಕೆಟ್ 200 ಕ್ರೋನಾ ಆಸುಪಾಸು. ನನ್ನ ಒಂದೇ ಟಿಕೆಟ್ಟನ್ನು ನಾನು ಖರ್ಚು ಮಾಡಿದ್ದು ಇದಕ್ಕೆ, ನೀವೂ ಹಾಗೆ ಮಾಡಬೇಕೆಂಬುದು ನನ್ನ ಹಟ. 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೆ ಹೊರಟ ಯುದ್ಧನೌಕೆ ವಾಸಾ ಸುಮಾರು 1,300 ಮೀಟರ್ ಸಾಗಿ, ಗಾಳಿಗೆ ವಾಲಿ, ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ, ದಡದಲ್ಲಿ ನಿಂತ ಜನರ ಕಣ್ಣೆದುರೇ ಮುಳುಗಿತು. 333 ವರ್ಷ ತಳದಲ್ಲಿದ್ದು 1961ರ ಏಪ್ರಿಲ್ 24ರಂದು ಮೇಲೆ ಬಂತು. ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆ. ಮರ ಕೊರೆಯುವ ಹಡಗುಹುಳು ಅಷ್ಟು ಸಪ್ಪೆ ನೀರಿನಲ್ಲಿ ಬದುಕುವುದಿಲ್ಲ. ಹಾಗಾಗಿ ನೀವು ನೋಡುವ ಹಡಗಿನ ಮರದಲ್ಲಿ ನೂರಕ್ಕೆ 98 ಪಾಲು ಮೂಲದ್ದೇ.

ಒಳಗೆ ಕತ್ತಲೆ. ಕಣ್ಣು ಹೊಂದಿಕೊಳ್ಳುವ ತನಕ ಬಾಗಿಲ ಬಳಿ ನಿಲ್ಲಿ. ಆಮೇಲೆ ಇಡೀ ಹಡಗು ಒಮ್ಮೆಗೇ ಕಪ್ಪು ಬೆಟ್ಟದಂತೆ ಎದುರಿಗೆ ನಿಲ್ಲುತ್ತದೆ. ಮೊದಲು ಕೆಳಗಿನ ಅಂತಸ್ತಿಗೆ ಇಳಿದು ತಳ ನೋಡಿ, ಆಮೇಲೆ ಮೇಲಕ್ಕೆ ಹತ್ತಿ. ಆಗ ತಪ್ಪು ಎಲ್ಲಿದೆ ಎಂದು ಯಾರೂ ಹೇಳದೆಯೇ ತಿಳಿಯುತ್ತದೆ: ತಳ ಕಿರಿದು, ಮೇಲೆ ಭಾರ, ಒಂದರ ಮೇಲೊಂದು ಎರಡು ಸಾಲು ಫಿರಂಗಿ, 64 ಕಂಚಿನ ಫಿರಂಗಿ.

ನನ್ನ ಹೊಟ್ಟೆಪಾಡು ಯಂತ್ರದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವುದು. ಅದಕ್ಕೇ ಇರಬೇಕು, ಚಿನ್ನದ ಬಣ್ಣದ ಸಿಂಹಗಳಿಗಿಂತ ಹೆಚ್ಚು ಹೊತ್ತು ನಾನು ಯೋಚಿಸಿದ್ದು ಹಡಗಿನಲ್ಲಿ ಸಿಕ್ಕ ಬಡಗಿಗಳ ಅಳತೆಗೋಲುಗಳ ಬಗ್ಗೆ. ನಾಲ್ಕು ಸಿಕ್ಕಿವೆ. ಎರಡು ಸ್ವೀಡನ್ನಿನ ಅಡಿಯವು, ಅಡಿಗೆ 12 ಅಂಗುಲ. ಎರಡು ಆಮ್‌ಸ್ಟರ್‌ಡ್ಯಾಮ್ ಅಡಿಯವು, ಅಡಿಗೆ 11 ಅಂಗುಲ. ಒಂದೇ ಹಡಗನ್ನು ಎರಡು ಅಳತೆಯಲ್ಲಿ ಕಟ್ಟಿದ್ದಾರೆ! ಇನ್ನೊಂದು ಸಂಗತಿ: ಹೊರಡುವ ಮುನ್ನ ಪರೀಕ್ಷೆಯೂ ನಡೆದಿತ್ತು. ಮೂವತ್ತು ಜನರನ್ನು ಮೇಲ್ತಟ್ಟಿನ ಈ ಅಂಚಿನಿಂದ ಆ ಅಂಚಿಗೆ ಓಡಿಸಿದರು. ಮೂರನೆಯ ಓಟಕ್ಕೆ ಹಡಗು ತೂಗಾಡಿದ ರೀತಿ ನೋಡಿ ಪರೀಕ್ಷೆಯನ್ನೇ ನಿಲ್ಲಿಸಿದರು. ಹಡಗನ್ನು ಮಾತ್ರ ನಿಲ್ಲಿಸಲಿಲ್ಲ. ಗುಣಮಟ್ಟ ವಿಭಾಗದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳಿಗೆ ಇದು ಹದಿನೇಳನೇ ಶತಮಾನದ ಕತೆಯೆಂದು ಅನ್ನಿಸುವುದೇ ಇಲ್ಲ.

ಎರಡು ಗಂಟೆ ಸಾಕು ಎನ್ನುತ್ತಾರೆ. ನಾನು ಮೂರೂವರೆ ಗಂಟೆ ಇದ್ದೆ. ಅದರಿಂದ ಮಧ್ಯಾಹ್ನದ ಊಟ ಕೈತಪ್ಪಿತು. ಈ ತಪ್ಪನ್ನು ನೀವು ಮಾಡಬೇಡಿ, ಏಕೆಂದರೆ ಅಲ್ಲಿ ವಾರದ ದಿನಗಳಲ್ಲಿ ಸುಮಾರು 11ರಿಂದ 2ರ ತನಕ 'ದಾಗೆನ್ಸ್', ಅಂದರೆ ದಿನದ ಊಟ ಸಿಗುತ್ತದೆ. ಒಂದೇ ಬೆಲೆಗೆ ಮುಖ್ಯ ತಿನಿಸು, ಸಲಾಡ್, ಬ್ರೆಡ್ಡು, ಕೊನೆಗೆ ಕಾಫಿ. 'ವೆಗೆತಾರಿಸ್ಕ್' ಎಂದು ಕೇಳಿದರೆ ಮಾಂಸವಿಲ್ಲದ್ದು ಬಹುತೇಕ ಕಡೆ ಇರುತ್ತದೆ. ರಾತ್ರಿ ಅದೇ ಹೋಟೆಲಿನಲ್ಲಿ ಉಂಡರೆ ಬೆಲೆ ಬೇರೆಯದೇ ಮಟ್ಟದ್ದು. ಹಾಗಾಗಿ ಮಧ್ಯಾಹ್ನ ಹೊಟ್ಟೆ ತುಂಬಿಸಿಕೊಂಡು, ರಾತ್ರಿಗೆ ದಿನಸಿ ಅಂಗಡಿಯ ಗರಿಗರಿ ರೈ ರೊಟ್ಟಿ, ಚೀಸು, ಟೊಮೆಟೊ. ನಲ್ಲಿಯ ನೀರು ಚೆನ್ನಾಗಿದೆ, ಬಾಟಲಿ ಕೊಳ್ಳಬೇಡಿ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕಾಲು ಸೋಲುತ್ತದೆ. ಆಗ ಫೀಕಾ. ಕಾಫಿ, ಜೊತೆಗೊಂದು ಸಿಹಿ ಬನ್ನು, ಮತ್ತು ಅವಸರವಿಲ್ಲದೆ ಕೂರುವುದು, ಈ ಮೂರೂ ಸೇರಿದರೆ ಫೀಕಾ. ದಾಲ್ಚಿನ್ನಿಯ ಬನ್ನು ಎಲ್ಲರೂ ಹೇಳುವಂಥದ್ದು, ಏಲಕ್ಕಿಯದು ಅದಕ್ಕಿಂತ ಒಂದು ಕೈ ಮೇಲು. ಏಲಕ್ಕಿಯನ್ನು ನುಣ್ಣಗೆ ಪುಡಿ ಮಾಡುವುದಿಲ್ಲ, ತರಿತರಿಯಾಗಿ ಕುಟ್ಟಿ ಉದುರಿಸುತ್ತಾರೆ. ಹಲ್ಲಿಗೆ ಸಿಕ್ಕಾಗ ಮೂಗಿನ ತನಕ ಏರುತ್ತದೆ. ಕಾಫಿಗೆ 'ಪೋತೋರ್' ಇದೆಯೇ ಎಂದು ಕೇಳಿ, ಅಂದರೆ ಎರಡನೆಯ ಬಟ್ಟಲು. ಸಾದಾ ಕಾಫಿಗೆ ಹಲವು ಕಡೆ ಅದು ಪುಕ್ಕಟೆ.

ಮಲಗಲು ಶೆಪ್ಸ್‌ಹೋಲ್ಮೆನ್ ದ್ವೀಪಕ್ಕೆ ಹೋದೆ. ಅದೇ 82ನೇ ದೋಣಿ ಅಲ್ಲಿಯೂ ನಿಲ್ಲುತ್ತದೆ. 1888ರಲ್ಲಿ ಕಟ್ಟಿದ ಆಫ್ ಚಾಪ್‌ಮನ್ ಎಂಬ ಬಿಳಿಯ ಹಾಯಿಹಡಗು 1949ರಿಂದ ಅಲ್ಲಿ ಹಾಸ್ಟೆಲ್ ಆಗಿದೆ. ಅದೇ ದಿನ ಕೇಳಿದ್ದರಿಂದ ಹಡಗಿನೊಳಗೆ ಜಾಗ ಸಿಗಲಿಲ್ಲ, ದಡದ ಮೇಲಿನ ಕಟ್ಟಡದಲ್ಲಿ ಒಂದು ಮಂಚ ಸಿಕ್ಕಿತು. ಹಡಗೇ ಬೇಕೆನ್ನುವವರು ಹಿಂದಿನ ರಾತ್ರಿಯಾದರೂ ಕಾಯ್ದಿರಿಸಿ. ಇಂಥ ಹಾಸ್ಟೆಲ್‌ಗಳಲ್ಲಿ ಹಾಸಿಗೆಯ ಬಟ್ಟೆಗೆ ಬೇರೆ ದುಡ್ಡು ಕೇಳುವುದುಂಟು, ನಿಮ್ಮದೇ ಹಾಸು ಹೊದಿಕೆ ಇದ್ದರೆ ಉಳಿತಾಯ.

ಸಂಜೆಗೆ ಸೋಡರ್‌ಮಾಲ್ಮ್ ದ್ವೀಪದ ಮೊಂಟೇಲಿಯಸ್‌ವೇಗೆನ್. ಮಾರಿಯಾಟೋರ್ಯೆಟ್ ಮೆಟ್ರೊ ನಿಲ್ದಾಣದಿಂದ ಐದಾರು ನಿಮಿಷದ ನಡಿಗೆ. ಬಂಡೆಯ ಅಂಚಿನಲ್ಲಿ ಅರ್ಧ ಕಿಲೋಮೀಟರ್ ಉದ್ದದ ಕಾಲುದಾರಿ, ಕೆಳಗೆ ನೀರು, ಆಚೆ ದಡದಲ್ಲಿ ಪುರಭವನದ 106 ಮೀಟರ್ ಎತ್ತರದ ಇಟ್ಟಿಗೆ ಗೋಪುರ. ನೊಬೆಲ್ ಔತಣ ನಡೆಯುವುದು ಆ ಕಟ್ಟಡದಲ್ಲೇ. ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಮೊದಲು ಹೋಗಿ ಬೆಂಚು ಹಿಡಿಯಿರಿ. ಗಾಳಿ ಕೊರೆಯುತ್ತದೆ, ಕುತ್ತಿಗೆಗೆ ಏನಾದರೂ ಇರಲಿ. ಒಬ್ಬಳೇ ಕತ್ತಲಲ್ಲಿ ನಡೆದು ಬಂದೆ, ಅಂಜಿಕೆಯಾಗಲಿಲ್ಲ. ಜೇಬುಗಳ್ಳರ ಭಯ ಇರುವುದು ಜನ ತುಂಬಿದ ಕಡೆ, ಮುಖ್ಯ ಮೆಟ್ರೊ ನಿಲ್ದಾಣದಲ್ಲಿ ಮತ್ತು ಹಳೆಯ ಊರಿನ ಗಲ್ಲಿಗಳಲ್ಲಿ.

ಶನಿವಾರ: ಟಿಕೆಟ್ ಇಲ್ಲದ ದಿನ

ಹಳೆಯ ಊರು ಗಾಮ್ಲಾ ಸ್ತಾನ್‌ಗೆ ಬೆಳಿಗ್ಗೆ ಏಳಕ್ಕೆ ಹೋಗಬೇಕು. ಹತ್ತರ ಮೇಲೆ ಅದು ನೆನಪಿನ ಕಾಣಿಕೆಗಳ ಸಂತೆ. ಶೆಪ್ಸ್‌ಹೋಲ್ಮೆನ್‌ನಿಂದ ಸೇತುವೆ ದಾಟಿ ಕಾಲು ಗಂಟೆ ನಡೆದರೆ ಸಾಕು. ದಾರಿಯಲ್ಲಿ, ಅರಮನೆಯ ಎದುರಿನ ರಭಸದ ನೀರಿಗೆ ಇಬ್ಬರು ಗಾಳ ಹಾಕಿ ನಿಂತಿದ್ದರು. ರಾಜಧಾನಿಯ ನಟ್ಟನಡುವೆ ಮೀನು ಹಿಡಿಯುವಷ್ಟು ಶುದ್ಧ ನೀರು.

ಮೂರು ವಸ್ತು ಹುಡುಕಿ. ಒಂದು, ಪ್ರೆಸ್ಟ್‌ಗಾಟನ್ ಮತ್ತು ಕೋಕ್‌ಬ್ರಿಂಕೆನ್ ಬೀದಿಗಳು ಕೂಡುವ ಮೂಲೆಯ ಗೋಡೆ. ವೈಕಿಂಗ್ ಕಾಲದ ಲಿಪಿಯ ಕಲ್ಲೊಂದನ್ನು ಸಾಮಾನ್ಯ ಸೈಜುಗಲ್ಲಿನಂತೆ ಗೋಡೆಗೆ ಸೇರಿಸಿ ಕಟ್ಟಿದ್ದಾರೆ. ಗಾಡಿಗಳು ಉಜ್ಜದಂತೆ ಮೂಲೆಗೆ ಹಳೆಯ ಫಿರಂಗಿ ನಳಿಗೆ ನೆಟ್ಟಿದ್ದಾರೆ. ಎರಡು, ಮೋರ್ಟನ್ ತ್ರೋಟ್ಸಿಗ್ ಗಲ್ಲಿ. ಊರಿನ ಅತಿ ಕಿರಿದಾದ ಓಣಿ, ಕಿರಿದಾದ ಕಡೆ 90 ಸೆಂಟಿಮೀಟರ್ ಎನ್ನುತ್ತಾರೆ. ನನ್ನ ಚೀಲದಲ್ಲಿ ಅಳತೆಯ ಟೇಪು ಸದಾ ಇರುತ್ತದೆ. ಹಿಡಿದು ನೋಡಿದೆ, ಸುಳ್ಳಲ್ಲ. ಮೂರು, ಅರಮನೆಯ ಎದುರಿನ ಫಿನ್ನಿಷ್ ಚರ್ಚಿನ ಹಿಂದಿನ ಅಂಗಳದಲ್ಲಿ ಚಂದ್ರನನ್ನು ನೋಡುತ್ತ ಕೂತ ಕಬ್ಬಿಣದ ಹುಡುಗ. ಹದಿನೈದು ಸೆಂಟಿಮೀಟರ್ ಎತ್ತರ, ಅಷ್ಟೇ. ಜನ ತಲೆ ಸವರಿ ಸವರಿ ಹೊಳಪು ಬಂದಿದೆ. ಅಂದು ಯಾರೋ ಬೆರಳಗಲದ ಉಣ್ಣೆಯ ಮಫ್ಲರ್ ಹೆಣೆದು ಕೊರಳಿಗೆ ಸುತ್ತಿದ್ದರು. ಅಲ್ಲಿ ಟೇಪು ತೆಗೆಯಲು ಮನಸ್ಸಾಗಲಿಲ್ಲ.

ಮಳೆ ಬಂದರೆ ನೆಲದಡಿಗೆ ಇಳಿಯಿರಿ. ಮೆಟ್ರೊದ ನೂರು ನಿಲ್ದಾಣಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಕಡೆ ಕಲಾವಿದರ ಕೆಲಸವಿದೆ. ನೀಲಿ ಮಾರ್ಗದಲ್ಲಿ ಕುಂಗ್ಸ್‌ಟ್ರೆಡ್‌ಗೋರ್ಡೆನ್‌ನಿಂದ ಶುರು ಮಾಡಿ, ಟಿ-ಸೆಂಟ್ರಾಲೆನ್‌ನಲ್ಲಿ ಇಳಿದು ಗುಹೆಯ ಚಾವಣಿಗೆ ಹಬ್ಬಿದ ನೀಲಿ ಬಳ್ಳಿಗಳನ್ನು ನೋಡಿ, 11ನೇ ನಂಬರಿನ ರೈಲು ಹಿಡಿದು ಸೋಲ್ನಾ ಸೆಂಟ್ರುಮ್‌ಗೆ ಹೋಗಿ. ಅಲ್ಲಿ ಇಡೀ ಸುರಂಗವೇ ಕೆಂಡದಂಥ ಕೆಂಪು ಆಕಾಶ, ಕೆಳಗೆ ಹಸಿರು ಕಾಡು. ಹೋಗಿಬರಲು ಆ 75 ನಿಮಿಷ ಸಾಕಾಗುತ್ತದೆ.

ಬಿಸಿಲಿದ್ದರೆ ಹಸಿರು ಮಾರ್ಗದ 18ನೇ ರೈಲು ಹಿಡಿದು ಸ್ಕೂಗ್ಸ್‌ಶ್ಯುರ್ಕೋಗೋರ್ಡೆನ್‌ಗೆ ಹೋಗಿ. ಹೆಸರು ಹೇಳಲು ಬಾರದಿದ್ದರೆ ಪರವಾಗಿಲ್ಲ, ಅರ್ಥ 'ಕಾಡಿನ ರುದ್ರಭೂಮಿ'. ಪ್ರವಾಸ ಹೋಗಿ ಸ್ಮಶಾನ ನೋಡುವುದೇ ಎಂದು ಮೂಗು ಮುರಿಯಬೇಡಿ. 1994ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಜಾಗವಿದು. ಎದ್ದ ಹುಲ್ಲುದಿಬ್ಬ, ಒಂಟಿ ಶಿಲುಬೆ, ಆಮೇಲೆ ಕಂಬಗಳಂತೆ ನೇರ ನಿಂತ ಪೈನ್ ಮರಗಳು, ಅವುಗಳ ಬುಡದಲ್ಲಿ ಒಂದೇ ಎತ್ತರದ ಕಲ್ಲುಗಳು. ನೂರರ ನೋಟಿನ ಗ್ರೇಟಾ ಗಾರ್ಬೊ ಇರುವುದು ಇಲ್ಲೇ. 1990ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡವಳ ಚಿತಾಭಸ್ಮವನ್ನು 1999ರಲ್ಲಿ ಇಲ್ಲಿಗೆ ತಂದರು. ಕಲ್ಲಿನ ಮೇಲೆ ಅವಳ ಸಹಿ, ಬೇರೇನೂ ಇಲ್ಲ. ಹತ್ತಿರದ ಗೋರಿಯ ಬಳಿ ಹೆಂಗಸೊಬ್ಬರು ಮೊಣಕಾಲೂರಿ ಕಳೆ ಕೀಳುತ್ತಿದ್ದರು. ಇಲ್ಲಿ ದನಿ ತಗ್ಗಿಸಿ, ಜನರ ಫೋಟೊ ತೆಗೆಯಬೇಡಿ.

ಮರಳುವ ಹಡಗು ಸಂಜೆ ನಾಲ್ಕೂವರೆಗೆ. ಬಾಗಿಲು ಅದಕ್ಕಿಂತ ಸಾಕಷ್ಟು ಮೊದಲೇ ಮುಚ್ಚುತ್ತದೆ. ಮೂರಕ್ಕೆ ಸ್ಲುಸ್ಸೆನ್‌ನಲ್ಲಿರಿ, ರಾತ್ರಿಗೆ ಎರಡು ಏಲಕ್ಕಿ ಬನ್ನು ಕಟ್ಟಿಸಿಕೊಳ್ಳಿ. ಹೊರಡುವಾಗ ಮೇಲಿನ ಡೆಕ್ಕಿನಲ್ಲಿ ಎಡಬದಿಗೆ ನಿಲ್ಲಿ. ಯೂರ್ಗೋರ್ಡೆನ್ ಆ ಬದಿಗೆ ಬರುತ್ತದೆ. ಮರಗಳ ಮೇಲೆ ಮೂರು ಕಂಬಗಳು ಕಾಣುತ್ತವೆ. ವಾಸಾದ ಪಟಸ್ತಂಭಗಳು ಎಷ್ಟು ಎತ್ತರವಿದ್ದವೆಂದು ತೋರಿಸಲು ಸಂಗ್ರಹಾಲಯದ ಚಾವಣಿಯ ಮೇಲೆ ನಿಲ್ಲಿಸಿದವು ಅವು. ಅದರ ಮುಂದಿನ ಪುಟ್ಟ ದ್ವೀಪ ಬೆಕ್‌ಹೋಲ್ಮೆನ್. ವಾಸಾ ಮುಳುಗಿದ್ದು ಅದರ ಪಕ್ಕದಲ್ಲೇ, ನಮ್ಮ ಬಂದರಿನ ಎದುರಿಗೆ. ಹಡಗು ಅದನ್ನು ದಾಟುವ ತನಕ ನಾನು ಕಂಬಿ ಹಿಡಿದು ದಿಗಂತವನ್ನೇ ನೋಡುತ್ತ ನಿಂತಿದ್ದೆ. ಒಂದು ಡಿಗ್ರಿಯೂ ವಾಲಲಿಲ್ಲ.